ಮೆಲುಕಿನ ಲೆಕ್ಕ

ಬೆಳಗಿನ ಐದೂಮುಕ್ಕಾಲಿಗೆ ಡೈರಿಯ ಬಾಗಿಲು ತೆಗೆದರೆ
ಕ್ಯಾನುಗಳಿಗಿಂತ ಮೊದಲು ಒಳಗೆ ಬರುವುದು ವಾಸನೆ.
ಬೂಸಾ ತಿಂದ ಹಾಲು, ಹಸಿಜೋಳ ತಿಂದ ಹಾಲು,
ವಿ.ಸಿ. ನಾಲೆಯ ಏರಿಯಲ್ಲಿ ಗರಿಕೆ ಮೇದ ಹಾಲು.
ಹದಿನಾಲ್ಕು ವರ್ಷದಿಂದ ಈ ಸ್ಟೂಲಿನ ಮೇಲೆ ಕೂತವಳು ನಾನು;
ಯಾರ ಗೋದಲಿಗೆ ನಿನ್ನೆ ಏನು ಬಿತ್ತೆಂದು
ಮುಚ್ಚಳ ಸರಿಸಿದಾಗಲೇ ಹೇಳಬಲ್ಲೆ.
ಮೆಷಿನ್ನು ಹೇಳುವುದು ಅದಾದ ಮೇಲೆ,
ಕೆಂಪು ಅಂಕಿಗಳಲ್ಲಿ,
ಯಾರ ಮುಖವನ್ನೂ ನೋಡದೆ.

ನಿಂಗಾಜಮ್ಮನ ಹಾಲು ಆ ಸೋಮವಾರ
ಫ್ಯಾಟು ಎರಡು ಪಾಯಿಂಟ್ ಎಂಟು.
ಮಂಗಳವಾರ ಎರಡು ಪಾಯಿಂಟ್ ಏಳು.
ನೀರು, ಅಂದಿತು ಸಾಲು, ಬಾಯಿ ಬಿಡದೆಯೇ.
ನಮ್ಮೂರ ಸಾಲಿಗೆ ಅದೊಂದು ವಿದ್ಯೆ,
ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿ
ಮಾತು ಮುಗಿಸಿಬಿಡುವುದು.
ಡಿಗ್ರಿ ಸರಿಯಾಗಿತ್ತು, ಇಪ್ಪತ್ತೆಂಟೂವರೆ. ನೀರಲ್ಲ.
ನನಗೆ ಗೊತ್ತಿತ್ತು.
ಬರೆದೆ, ಚೀಟಿ ಹರಿದುಕೊಟ್ಟೆ,
ಲೀಟರಿಗೆ ಎರಡೂವರೆ ರೂಪಾಯಿ ಕೆಳಗಿಳಿಯಿತು.
"ಕಾವೇರಮ್ಮನ ಆಣೆಗೂ ಕಣವ್ವ,
ಒಂದ್ ತೊಟ್ ನೀರ್ ಬೆರ್ಸಿಲ್ಲ ನಾನು."
ಹೌದು ನಿಂಗಾಜಮ್ಮ, ಅನ್ನಬೇಕಿತ್ತು.
ಮುಂದಿನವರು ಬನ್ನಿ, ಅಂದೆ.

ಆ ಮಾತು ಇಡೀ ಬೆಳಗು
ಹಲ್ಲಿನ ಸಂದಿಯ ನಾರಿನಂತೆ ಕೂತಿತ್ತು.
ಮಧ್ಯಾಹ್ನ ಅವಳ ಕೊಟ್ಟಿಗೆಗೆ ಹೋದೆ.

ಹಿಂಡಿಯ ಮೂಟೆ ಕೈಗೆ ಎಟುಕದೆ ಹೋದ ಮೇಲೆ
ಶ್ರೀರಂಗಪಟ್ಟಣದ ಛತ್ರದಿಂದ ಆಟೋದಲ್ಲಿ ಬರುತ್ತಿತ್ತಂತೆ
ಮದುವೆಯಲ್ಲಿ ಮಿಕ್ಕ ಅನ್ನ, ಎರಡು ಡ್ರಮ್ಮು.
ಮೇಲೆ ಮಿಲ್ಲಿನ ನುಚ್ಚು, ಜೋಳದ ಹಿಟ್ಟು.
ಒಂಬತ್ತು ಲೀಟರಿನ ಹಸು ಹನ್ನೊಂದಕ್ಕೆ ಏರಿತ್ತು.
ಹಾಲು ಹೆಚ್ಚಿತ್ತು,
ಹೆಚ್ಚಾದ ಮಾತಿನಂತೆ ತೆಳ್ಳಗಿತ್ತು.

ಮಚ್ಚೆ ಮಲಗಿದ್ದಳು, ಹಣೆಯ ಬಿಳಿಯ ಮೇಲೆ ಒಂದು ನೊಣ.
ಸಗಣಿ ದೋಸೆಹಿಟ್ಟಿನಂತೆ ಹರಡಿ, ನೊರೆಗಟ್ಟಿ,
ನಡುನಡುವೆ ಯಾರದೋ ಧಾರೆಯ ಅನ್ನದ ಅಗುಳು.
ಡಾಕ್ಟರ್ ಮುನಾವರ್ ಒಮ್ಮೆ ಕಲಿಸಿದ್ದರು:
ಗಂಟಲಿನಿಂದ ಉಂಡೆ ಮೇಲೆ ಬಂದದ್ದನ್ನು ನೋಡು,
ಅಲ್ಲಿಂದ ಎಣಿಸು.
ಐವತ್ತು ದಾಟಿದರೆ ಹೊಟ್ಟೆ ನೆಟ್ಟಗಿದೆ ಅಂತ.
ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತು ಎಣಿಸಿದೆವು.
ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು,
ನುಂಗಿಬಿಟ್ಟಳು.
ಮತ್ತೊಮ್ಮೆ. ಇಪ್ಪತ್ತೆಂಟು.
ನಿಂಗಾಜಮ್ಮ ತನ್ನ ಎಲೆಅಡಿಕೆಯನ್ನು
ಅಗಿಯುವುದನ್ನೇ ಮರೆತಿದ್ದಳು.

ಅನ್ನವನ್ನು ಒಂದೇ ದಿನ ಬಿಡಿಸಲಿಲ್ಲ,
ದಿನಕ್ಕೊಂದು ಚೊಂಬು ಕಡಿಮೆ ಮಾಡಿದೆವು.
ಕಬ್ಬು ಕಡಿದ ಗದ್ದೆಯಿಂದ ಹಸಿ ಸೋಗೆ ತಂದು ಗೇಣುದ್ದ ಕತ್ತರಿಸಿ,
ಒಣಹುಲ್ಲಿನ ಮೇಲೆ ನೀರಲ್ಲಿ ಕದಡಿದ ಕಾಕಂಬಿ
ಬಾಗಿಲಿಗೆ ನೀರು ಚಿಮುಕಿಸುವಷ್ಟೇ ಚಿಮುಕಿಸಿ,
ಜೊತೆಗೆ ಒಂದು ಹಿಡಿ ಅಡುಗೆ ಸೋಡಾ.
ಮಚ್ಚೆ ಮೊದಲು ಮೂಸಿ ಮುಖ ತಿರುವಿದಳು,
ಆಮೇಲೆ ಗೋದಲಿಯ ಕಲ್ಲನ್ನೂ ನೆಕ್ಕಿದಳು.

ಇಪ್ಪತ್ತೆರಡನೆಯ ಬೆಳಿಗ್ಗೆ
ಮೂರು ಪಾಯಿಂಟ್ ಆರು.
ಮುಚ್ಚಳದಡಿಯಲ್ಲಿ ಆಲೆಮನೆಯ ದೂರದ ಒಂದು ಎಳೆ.
ಅಂಕಿ ನೋಡಿ ನಾನೇ ಎರಡನೆಯ ಸಲ ಹಾಲು ಹಾಕಿದೆ,
ಮೆಷಿನ್ನು ಅದನ್ನೇ ಹೇಳಿತು.
ಆದರೆ ಲೀಟರು ಮತ್ತೆ ಒಂಬತ್ತು.
ಪುಸ್ತಕದ ಅಂಚಿನಲ್ಲಿ ಕೂಡಿಸಿ ಕಳೆದು ನೋಡಿದೆ:
ಮೊದಲಿಗಿಂತ ದಿನಕ್ಕೆ ನಲವತ್ತು ರೂಪಾಯಿ ಕಡಿಮೆಯೇ.
ತಲೆ ಎತ್ತದೆ ಹೇಳಿದೆ.
"ಇರ್ಲಿ ಬುಡವ್ವ," ಅಂದಳು ನಿಂಗಾಜಮ್ಮ,
"ಅದು ರಾತ್ರೀಲಿ ಮೆಲುಕಾಕೋ ಸದ್ದು ಕೇಳುದ್ರೆ
ನಂಗೂ ನಿದ್ದೆ ಹತ್ತತದೆ."
ಸಾಲು ನಕ್ಕಿತು. ನಲವತ್ತು ರೂಪಾಯಿ ನಗಲಿಲ್ಲ.

ಛತ್ರದ ಡ್ರಮ್ಮು ನಿಂತಿರಲಿಲ್ಲ, ಬೀದಿ ಬದಲಿಸಿತ್ತು.
ಮುಂದಿನ ವಾರ ಹೊಂಬಾಳಯ್ಯನ ಕ್ಯಾನು,
ತುಂಬಿ ತುಳುಕುವಷ್ಟು.
ಮುಚ್ಚಳ ಸರಿಸಿದೆ, ಮೂಗಿಗೆ ತಿಳಿಯಿತು.
ಕೆಂಪು ಅಂಕಿ: ಎರಡು ಪಾಯಿಂಟ್ ಒಂಬತ್ತು.
ಹಿಂದೆ ಸಾಲಿನಲ್ಲಿ
ಒಂದು ಕ್ಯಾನು ಈ ಕೈಯಿಂದ ಆ ಕೈಗೆ ಹೋಗುತ್ತಿತ್ತು.

"ನೀರಲ್ಲ," ಅಂದೆ ಎಲ್ಲರಿಗೂ ಕೇಳುವಂತೆ, "ಅನ್ನ."
ಹೊಂಬಾಳಯ್ಯ ನನ್ನನ್ನು ನೋಡಿದ,
ಬೈದೆನೋ ಕಾಪಾಡಿದೆನೋ ತಿಳಿಯದವನಂತೆ.
ಚೀಟಿ ಹರಿಯುವ ಮುನ್ನ ಕೇಳಿದೆ,
"ಮಧ್ಯಾಹ್ನ ಹಸು ಯಾವ ಮಗ್ಗುಲಿಗೆ ಮಲಗ್ತದೆ?
ಎಣಿಸೋಕೆ ಬರ್ತೀನಿ."