ಬೈತಖೋಲದಲ್ಲಿ ನಾಮಕರಣ

ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ಮಂಜುಗಡ್ಡೆ ಅಗಿಯುವಾಗಲೆಲ್ಲ
ಅರ್ಧ ಪದ ಬಾಯಲ್ಲೇ ಇಟ್ಟುಕೊಂಡು ಕಾಯುತ್ತೇವೆ.
ಆರು ಜನ, ನಾಲ್ಕು ಲ್ಯಾಪ್‌ಟಾಪು,
ಸುಗಂಧಾ ತಾಂಡೇಲ ತಂದ ಡಬ್ಬಿ ಅವಲಕ್ಕಿ,
ಮತ್ತೆ ವಕೀಲರ ಕಾಗದ.

ಏಳು ವರ್ಷ ಅದಕ್ಕೆ ‘ಅಲೆ’ ಅಂತ ಹೆಸರಿತ್ತು.
ಶಾಲೆ ಮೂಲೆಗೆಸೆದ ಡಬ್ಬಗಳಲ್ಲಿ,
ಸಹಕಾರಿ ಸಂಘದ ಜಿರಳೆ ಹೊಕ್ಕ ಯಂತ್ರದಲ್ಲಿ,
ಭಟ್ಕಳದ ದರ್ಜಿಯ ಮಗಳ ಒಡೆದ ಪರದೆಯಲ್ಲಿ
ಎದ್ದು ಬಂದು, ತಡವಾಗಿಯಾದರೂ,
ಕನ್ನಡದಲ್ಲೇ ‘ಬನ್ನಿ’ ಅನ್ನುತ್ತಿತ್ತು.
ಈಗ ಕಾಗದ ಹೇಳುತ್ತದೆ:
ಅಲೆ ಎಂಬುದು ಒಂದು ನೀರಿನ ಬಾಟಲಿ.
ನೋಂದಣಿಯಾಗಿದೆ. ಮೂವತ್ತು ದಿನದೊಳಗೆ ಬಿಡತಕ್ಕದ್ದು.
ಕಿಟಕಿಯಾಚೆ, ನೋಟಿಸು ಇನ್ನೂ ತಲುಪದ್ದು
ಧಕ್ಕೆಯ ಕಲ್ಲಿಗೆ ಬಡಿಯುತ್ತಲೇ ಇತ್ತು.

ಇವತ್ತಿಗೆ ಇಪ್ಪತ್ತೊಂಬತ್ತು.

ಕಾಳಿ, ಅಂದ ಮುಸ್ತಕೀಮ.
ಮೈತುಂಬ ಅಣೆಕಟ್ಟು ಅದಕ್ಕೆ, ಬೇಡ, ಅಂದಳು ಜಸಿಂತಾ.
ಅಘನಾಶಿನಿ?
ಪಾಪ ತೊಳೆದೀತು, ಆದರೆ ಕಮಾಂಡ್ ಸಾಲಿನಲ್ಲಿ
ರಾತ್ರಿ ಎರಡು ಗಂಟೆಗೆ ಒಮ್ಮೆ ಬರೆದು ನೋಡು ಮಾರಾಯ.
ಬಂಗಡೆ ಇಟ್ಟರೆ ನಮ್ಮ ಊರವರು
ಇನ್‌ಸ್ಟಾಲ್ ಮಾಡಿ ಕೀಬೋರ್ಡ್ ತೊಳೆದಾರು,
ನಕ್ಕವನು ಶಿರಸಿಯ ಶ್ರೀಪಾದನೇ.
ಕಗ್ಗ ಅಂದೆ ನಾನು. ಉಪ್ಪುನೀರಲ್ಲಿ ನಿಂತೂ
ಗೊಬ್ಬರ ಕೇಳದೆ ತೆನೆ ಬಿಡುವ ಭತ್ತ.
ಗೋಜಲು ಅಂತಲೂ ಅರ್ಥ ಇದೆಯಲ್ಲ?
ಇದ್ದರೇನು, ನಿನ್ನ ಕೋಡಿಗೆ ಅದೇ ಸರಿ.
ಬೋರ್ಡು ಒರೆಸಿ ಒರೆಸಿ ನೀಲಿಯಾಯಿತು.

ಆಗ ಬಾಗಿಲಲ್ಲಿ ವಾಮನಣ್ಣ.
ಕೆಳಗೆ ಐಸಿನ ಲೆಕ್ಕ ಬರೆಯುವವನು, ಈ ಕೋಣೆಯ ಕೀಲಿ ಅವನದು.
“ರಂಪಣಿ” ಅಂದ.
ನಾವು ನಕ್ಕೆವು, ರಂಪ ಮಾಡುವವರು ನಾವೇ ಎಂದು.
ಅವನು ನಗಲಿಲ್ಲ.

“ಮನೆಗೊಂದು ತುಂಡು ಬಲೆ. ಎಂಬತ್ತು ಮನೆ.
ಕೂಡಿ ಹೊಲಿದರೆ ಅರ್ಧ ಮೈಲಿ ಕಡಲಿಗೆ ಸುತ್ತು ಬರ್ತಿತ್ತು.
ಹರಿದರೆ ಆ ಮನೆಯವರು ಹೊಲೀಬೇಕು,
ಅವರ ಮನೆಯಲ್ಲಿ ಜ್ವರ ಇದ್ದರೆ ಪಕ್ಕದವರು.
ಎಳೆಯುವಾಗ, ದಾರಿ ಮೇಲೆ ಹೋಗುವವ
ಹಗ್ಗಕ್ಕೆ ಕೈ ಹಚ್ಚಿದರೂ ಒಂದು ಪಾಲು.
ನನಗೆ ಆಗ ಎಂಟು ವರ್ಷ. ಎಳೆದದ್ದೇನಿಲ್ಲ, ಜೋತುಬಿದ್ದಿದ್ದೆ.
ಎಣಿಸಿ ಏಳು ಬಂಗಡೆ ಕೊಟ್ಟರು.”

ಈಗ?

“ಈಗ ಪರ್ಸೀನ್ ಬೋಟು. ಬಲೆ ಒಬ್ಬನದು, ಕೈ ನಮ್ಮದು.”

ಕೆಳಗೆ ಯಂತ್ರ ಶುರುವಾಯಿತು.
ಯಾರೂ ಏನೂ ಹೇಳಬೇಕಾಗಲಿಲ್ಲ, ಸದ್ಯ.

ನಿಂತ ಮೇಲೆ ಜಸಿಂತಾ: ಮುಳುಗಿದ್ದರ ಹೆಸರು ಇಡಬಾರದು,
ನಮ್ಮಪ್ಪನ ದೋಣಿಗೆ ಇಟ್ಟು ನೋಡಿದ್ದೇವೆ.
ಶ್ರೀಪಾದ ವಾದಕ್ಕಿಳಿದ. ಮತ ಹಾಕಿದೆವು.
ಮೂರು, ಮೂರು.
ನಿನ್ನದು ಹೇಳು ವಾಮನಣ್ಣ ಅಂದರೆ
ನಾನು ಇವನ್ನೆಲ್ಲ ಮುಟ್ಟುವವನಲ್ಲ ಎಂದು ಹಿಂದೆ ಸರಿದ.
ಮುಟ್ಟಿದರೆ ಪಾಲು, ಅಂದಳು ಸುಗಂಧಾ,
ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿ.

ಐಸಿಗೆ ಮರಗಟ್ಟಿದ ತೋರುಬೆರಳು
ಒಂದು ಕೀಲಿ ಹುಡುಕಿ, ಒತ್ತಿ, ಬಿಸಿ ತಾಗಿದಂತೆ ವಾಪಸು ಬಂತು.
ಪರದೆಯಲ್ಲಿ ಒಂದು ‘ಗ’.
ಅದನ್ನು ನೋಡುತ್ತ ಕೂತಿದ್ದಾಗಲೇ ಯಾರೋ,
ಯಾರೆಂದು ಇವತ್ತಿಗೂ ಜಗಳವಿದೆ,
ಪಾಲು ಅಂತಲೇ ಇಡೋಣವಾ ಅಂದರು.

ಚಿಕ್ಕದು. ಬೆರಳಿಗೆ ಸುಲಭ. ಯಾವ ಬಾಟಲಿಯದೂ ಅಲ್ಲ, ಹುಡುಕಿ ನೋಡಿದೆವು.
ಸುಗಂಧಾ ಮಾತ್ರ ಹಣೆ ಚಚ್ಚಿಕೊಂಡಳು.
ಳಕಾರಕ್ಕೆಂದೇ ಒಂದು ಮಳೆಗಾಲವಿಡೀ ಕೂತು
ಕೀಲಿಮಣೆ ಜೋಡಿಸಿದವಳು ಅವಳು.
ಕಡತದ ಹೆಸರಿಗೆ ಇಂಗ್ಲಿಷಿನ ಅಕ್ಷರವೇ ಬೇಕು,
ಅದರಲ್ಲಿ ಲ ಒಂದೇ, ಳ ಇಲ್ಲ;
ಬೀದರಿನಲ್ಲಿ ಯಾರಾದರೂ ಇದನ್ನು ‘ಪಾಳು’ ಅಂತ ಓದಿದರೆ?
ಓದಲಿ ಬಿಡು, ಅಂದ ಮುಸ್ತಕೀಮ ಅವಲಕ್ಕಿ ಮುಕ್ಕುತ್ತ,
ಪಾಳುಬಿದ್ದ ಕಂಪ್ಯೂಟರಿಗೇ ಅಲ್ವಾ ನಾವು ಹಾಕೋದು.

ಬೆಳಗಿನ ಜಾವ ಐಸ್ ತುಂಬಲು ಬೋಟು ಬಂದಾಗ
ಕಡತ ಇನ್ನೂ ಅರ್ಧ ಮೇಲೇರಿತ್ತು.
ವಾಮನಣ್ಣ ಇಳಿದು ಹೋಗಿದ್ದ, ಲೆಕ್ಕದ ಪುಸ್ತಕ ನಮ್ಮಲ್ಲೇ ಮರೆತು.

ಕೊಡುಗೆ ಕೊಟ್ಟವರ ಪಟ್ಟಿಯ ಕೊನೆಗೆ,
ಅಕ್ಷರ ತಿದ್ದಿದವರು, ದೋಷ ಹಿಡಿದವರು ಎಲ್ಲ ಮುಗಿದ ಮೇಲೆ,
ಇದೆ ನೋಡಿ:
ವಾಮನ ಹರಿಕಂತ್ರ, ಬೈತಖೋಲ. ಒಂದು ಗ.