ಅಕ್ಷರಕ್ಕೆ ಹನ್ನೆರಡು ರೂಪಾಯಿ

ಬದಿಯಡ್ಕ ಪೇಟೆಯಲ್ಲಿ ಬೋರ್ಡು ಬರೆಯುವವ ನಾನು.
ಕನ್ನಡ, ಮಲಯಾಳ, ಕೇಳಿದರೆ ಇಂಗ್ಲಿಷು.
ಅಕ್ಷರಕ್ಕೆ ಹನ್ನೆರಡು, ಒತ್ತಿಗೆ ಬೇರೆ ಲೆಕ್ಕವಿಲ್ಲ.

ಮೊದಲು ಬಂದವ ಕೊರಗಪ್ಪ ಭಂಡಾರಿ.
'ಇಲ್ಲಿ ರಾಜಕೀಯ ಮಾತಾಡಬಾರದು' ಅಂತ ಬರಿ,
ಕನ್ನಡಿಯ ಮೇಲೆ, ಕೆಂಪಿನಲ್ಲಿ, ಎಂದ.
ಕಾರಣ ಇತ್ತು. ಪಂಚಾಯತು ಚುನಾವಣೆಯ ಮುನ್ನಾದಿನ
ಕತ್ತಿಯ ಬಾಯಿ ಗಂಟಲ ಗಂಟಿನ ಮೇಲಿರುವಾಗ
ಬೆಂಚಿನವನಿಗೆ ಉತ್ತರ ಕೊಡಲು
ಕುರ್ಚಿಯವ ಕತ್ತು ತಿರುಗಿಸಿದ.
ಮೂರು ಹೊಲಿಗೆ. ಆಸ್ಪತ್ರೆಯ ದುಡ್ಡು ಭಂಡಾರಿಯದೇ.
ಬರೆದುಕೊಟ್ಟೆ. ಕುತ್ತಿಗೆ ದೊಡ್ಡದಲ್ಲವೇ ಮಾತಿಗಿಂತ,
ಮಾತು ಹೊರಡುವುದೂ ಅದರ ಮೂಲಕವೇ.

ಆಮೇಲೆ ಮೊಯ್ದೀನ್ ಕುಂಞಿಯ ಹೋಟೆಲು.
ಅವನು ರಕ್ತ ಕಂಡವನಲ್ಲ; ಅವನ ತಕರಾರು
ಒಂದು ಚಾಯಕ್ಕೆ ಎರಡು ಗಂಟೆ.
'ಕೂತು ಚರ್ಚೆ ಬೇಡ.'
ಬೆಂಚು ಅವನದು, ಗ್ಲಾಸು ಅವನದು, ಹಾಲಿನ ಸಾಲವೂ ಅವನದು,
ಬೇಡ ಎನ್ನಲು ನಾನು ಯಾರು?
ಆದರೆ ಗೇರುತೋಟಕ್ಕೆ ಆಕಾಶದಿಂದ ಮದ್ದು ಬಿದ್ದ ಕಾಲದಲ್ಲಿ
'ನಮ್ಮಲ್ಲಿ ಜೇನು ಸಾಯುತ್ತಾ ಉಂಟು' ಎಂದು
ಒಬ್ಬ ಸುಮ್ಮನೆ, ಯಾರಿಗೂ ಅಲ್ಲದ ಹಾಗೆ ಹೇಳಿದ್ದು
ಇದೇ ಬೆಂಚಿನಲ್ಲಿ.
'ನಮ್ಮ ಕರುವೂ' ಎಂದಿದ್ದ ಇನ್ನೊಬ್ಬ.
ಅವರ ಚಾಯ ತಣಿದಿತ್ತು, ನಾನು ಅಲ್ಲೇ ಇದ್ದೆ.

ಶಂಕರನಾರಾಯಣ ಮಾಷ್ಟ್ರು ಬೋರ್ಡು ನೋಡಿ ನಿಂತರು.
'ಸರಕಾರ ಬಾಯಿ ಮುಚ್ಚಿಸಿದರೆ ಕೋರ್ಟಿಗೆ ಹೋಗಬಹುದು ಮಾರಾಯ,
ಭಂಡಾರಿ ಮುಚ್ಚಿಸಿದರೆ ಎಲ್ಲಿಗೆ?'
ಬೇರೆ ಕ್ಷೌರದಂಗಡಿಗೆ, ಎಂದೆ.
'ಅಲ್ಲಿಯ ಬೋರ್ಡೂ ನೀನೇ ಬರೆದದ್ದಲ್ಲವಾ?'

ಹೌದು. ಮದುವೆ ಹಾಲಿನದೂ, ದಂತವೈದ್ಯರದೂ,
ಬಾಡಿಗೆ ಕ್ವಾರ್ಟರ್ಸಿನ ಮೆಟ್ಟಿಲಿನದೂ.
ಮಳೆಗೆ ನಿಲ್ಲುವ ಬಸ್ ಸ್ಟಾಪು ಕೂಡ
ಚಿನ್ನದಂಗಡಿಯವರು ಕಟ್ಟಿಸಿದ್ದು; ಅಲ್ಲೂ ಅವರದೊಂದು ಸಾಲು.
ಯಾರದ್ದೂ ಅಲ್ಲದ ಜಾಗ ಎಂದು
ಪೇಟೆಯಲ್ಲಿ ಉಳಿದದ್ದು ಚರಂಡಿಯ ಮೇಲಿನ ಕಲ್ಲು,
ಅದೂ ಅಲುಗಾಡುತ್ತದೆ.

ಬಟ್ಟೆ ಅಂಗಡಿಯ ಮ್ಯಾನೇಜರ್ ಪವಿತ್ರನ್ ಕರೆದ:
ಸೇಲ್ಸಿನ ಹುಡುಗಿಯರು ತಮ್ಮೊಳಗೆ ಮಾತಾಡಬಾರದು.
ಮಲಯಾಳದಲ್ಲಿ ಸಾಕು, ಕನ್ನಡಕ್ಕೆ ಗೋಡೆಯಲ್ಲಿ ಜಾಗ ಇಲ್ಲ.
ಪೆರ್ಲದ ಕಡೆಯ ಹುಡುಗಿಯರಿಬ್ಬರು, ಜಲಜಾಕ್ಷಿ, ಪುಷ್ಪಲತ,
'ನಮಗೆ ಹೇಳಿದ್ದಲ್ಲ, ನಮಗೆ ಓದಲು ಬರುವುದಿಲ್ಲ' ಎಂದು
ಸೀರೆ ಮಡಚುತ್ತ ತುಳುವಿನಲ್ಲಿ ಮುಂದುವರಿಸಿದರು,
ಅತ್ತೆ, ಬಸ್ಸು, ಕಾಲುನೋವು.
ನನ್ನ ಭಾಷೆ ಬೋರ್ಡಿನಿಂದ ಬಿಟ್ಟುಹೋದದ್ದಕ್ಕೆ
ಜನ್ಮದಲ್ಲಿ ಮೊದಲ ಸಲ ನಾನು ನಕ್ಕೆ.

ಒಂಬತ್ತನೆಯ ದಿನ ಫೋನು. ಕನ್ನಡದಲ್ಲೂ ಬರಿ.
ಜಾಗ ಸಿಕ್ಕಿತ್ತು.

ಸ್ಟೂಲು ಹತ್ತಿದೆ. 'ತಮ್ಮೊಳಗೆ ಮಾತಾಡ' ಆಯಿತು.
ಪವಿತ್ರನ್‌ಗೆ ಕನ್ನಡ ಓದಲು ಬಾರದು.
'ಬಾರದು' ಎಂದರೂ ಮೂರಕ್ಷರ, 'ಬಹುದು' ಎಂದರೂ ಮೂರೇ,
ಮೊದಲ ಗೆರೆ ಎರಡಕ್ಕೂ ಒಂದೇ, ಕೊನೆಯ 'ದು' ಒಂದೇ.
'ಬ' ಬರೆದೆ. ಅಲ್ಲಿಯವರೆಗೆ ತಪ್ಪೂ ಇಲ್ಲ ಸರಿಯೂ ಇಲ್ಲ.

ಕುಂಚ ಎತ್ತಿದಾಗ ಯಾಕೋ ನೆನಪಾದಳು ಮಗಳು.
ಅನ್ನದ ಮುಂದೆ ಅವಳೊಂದು ಹೆಸರೆತ್ತಿದ್ದಳು.
'ಈ ಮನೆಯಲ್ಲಿ ಆ ಮಾತು ಬೇಡ' ಎಂದಿದ್ದೆ.
ಅದಕ್ಕೆ ಬೋರ್ಡು ಬೇಕಾಗಿರಲಿಲ್ಲ, ಬಣ್ಣವೂ.
ಎರಡು ವರ್ಷವಾಯಿತು, ಅವಳು ಉಪ್ಪು ಕೇಳುವುದೂ
ತಾಯಿಯ ಹತ್ತಿರವೇ.

ದೀರ್ಘ ಎಳೆದೆ. ಬಾ. ರ. ದು.
ಹುಡುಗಿಯರ ಕೆಲಸ ಉಳಿಯಲಿ ಎಂದು ಎಂದುಕೊಂಡೆ,
ಕ್ಯಾಶಿಯರಿಗೆ ಕನ್ನಡ ಬರುತ್ತದೆ ಎಂಬುದೂ ಗೊತ್ತಿತ್ತು.
ಯಾವುದು ಕಾರಣ, ಯಾವುದು ನೆವ, ನನ್ನನ್ನು ಕೇಳಬೇಡಿ.

ಹತ್ತು ಅಕ್ಷರ, ನೂರ ಇಪ್ಪತ್ತು ರೂಪಾಯಿ.
ಜಲಜಾಕ್ಷಿ ಕೆಳಗೆ ನಿಂತು ಬೆರಳು ತೋರಿಸಿ ತೋರಿಸಿ
ಶಾಲೆಯಲ್ಲಿ ಓದುವ ಹಾಗೆ ಓದಿದಳು.
'ಅಕ್ಷರ ಚೆಂದ ಉಂಟು' ಎಂದಳು.
ಮತ್ತೆ ಮಾತಾಡಲಿಲ್ಲ.