ಎಷ್ಟು ಜನ

ಮುಕ್ಕಾಲಿಯ ಮೇಲೆ ಕೂತ ಯಂತ್ರ
ಗೂಬೆಯ ಹಾಗೆ ಕತ್ತು ತಿರುಗಿಸಿ
ಗಲೀಸಿಯಾದ ಈ ಕಲ್ಲುಮನೆಯನ್ನು ಒಂದೇ ಸುತ್ತಿಗೆ
ಮೂರು ಕೋಟಿ ಚುಕ್ಕಿ ಮಾಡಿತು.
ಚುಕ್ಕಿ ಇಟ್ಟದ್ದಾಯಿತು. ಇನ್ನು ಗೆರೆ ನನ್ನ ಪಾಲು.

ತೆರೆಯ ಮೇಲೆ ಮನೆಗೆ ಪಾಚಿಯ ವಾಸನೆಯಿಲ್ಲ.
ಉತ್ತರದ ಗೋಡೆ ಹನ್ನೊಂದು ಸೆಂಟಿಮೀಟರ್ ವಾಲಿದೆ ಎಂದು
ತಂತ್ರಾಂಶ ದೂರು ಕೊಟ್ಟಿತು.
"ವಾಲಿದ್ದಲ್ಲ, ಒರಗಿದ್ದು" ಎಂದ ದೆಲ್ಮಿರೊ,
ಊರಲ್ಲಿ ಉಳಿದ ಒಬ್ಬನೇ ಒಬ್ಬ.
"ಒಂದು ಚಳಿಗಾಲ ಹಿಮ ಸೂರು ಮುಟ್ಟಿತ್ತು. ಅಂದಿನಿಂದ
ಚೆಸ್ಟ್‌ನಟ್ ಮರದ ಕಡೆ ಒರಗಿ ಕೂತಿದೆ. ಬಿದ್ದಿಲ್ಲವಲ್ಲ?"

ಬಿದ್ದಿಲ್ಲ. ಗೋಡೆಯ ದಪ್ಪ ಒಂದೂವರೆ ಮೊಳ.
ಒಳಮೈಗೆ ಮರದ ನಾರಿನ ಹಲಗೆ, ಮೇಲೆ ಸುಣ್ಣದ ಗಾರೆ,
ದಕ್ಷಿಣದ ಕಿಟಕಿಗೆ ಮೂರು ಪದರ ಗಾಜು.
ಮೌಸ್ ಎಳೆದಂತೆ ಕೆಂಪು ಹಳದಿಯಾಗಿ, ಹಳದಿ ಹಸಿರಾಗಿ ಆರುತ್ತದೆ.
ಅವನಿಗೆ ತೋರಿಸಿದೆ: ನೋಡಿ, ಬಿಸಿ ಇಲ್ಲಿಂದ ಓಡಿಹೋಗುತ್ತದೆ.
ಅವನು ಕದವಿಲ್ಲದ ಬಾಗಿಲಲ್ಲಿ ಇಣುಕಿ,
"ಓಡಿಹೋಗುವುದಕ್ಕೆ ಒಳಗೆ ಯಾರಿದ್ದಾರೆ, ಉಶಿಯಾ?"

ಅಲ್ಲಿಗೇ ಬಂದು ನಿಂತಿತು ಲೆಕ್ಕ.
ಒಂದು ಚೌಕ, ಖಾಲಿ ಬಿಡುವಂತಿಲ್ಲ:
ವಾಸಿಸುವವರು ಎಷ್ಟು ಜನ?
ಸೊನ್ನೆ ಒತ್ತಿದೆ.
ಗಳಿಗೆ ಹೊತ್ತು ಯೋಚಿಸಿ ತಂತ್ರಾಂಶ
ಹಸಿರು ಅಕ್ಷರದಲ್ಲಿ ಬೆನ್ನು ತಟ್ಟಿತು: ಅತ್ಯುತ್ತಮ ದರ್ಜೆ.
ದೀಪ ಬೇಡದ, ಬಿಸಿನೀರು ಕೇಳದ,
ಯಾರೂ ಕೆಮ್ಮದ ಮನೆಯಷ್ಟು
ಮಿತವ್ಯಯ ಇನ್ಯಾವ ಮನೆಗಿದೆ!
ಈ ಲೆಕ್ಕದಲ್ಲಿ ಕಣಿವೆ ಪೂರ್ತಿ,
ಹದಿನಾಲ್ಕೂ ಊರು, ಪಾಸು.

ಒಬ್ಬಳೇ ನಕ್ಕೆ. ಆಮೇಲೆ ನಗಲಾಗಲಿಲ್ಲ.

ಹಿಂದೆಲ್ಲ ಹೇಗೆ ಬೆಚ್ಚಗಿರುತ್ತಿದ್ದಿರಿ ಎಂದರೆ
ದೆಲ್ಮಿರೊ ಬೂಟಿನಿಂದ ನೆಲ ತಟ್ಟಿದ.
ಕೆಳಗೆ ಕೊಟ್ಟಿಗೆ. ಹಲಗೆಯ ಸಂದಿನಿಂದ
ಹಸುಗಳ ಉಸಿರು ಮೇಲೇರಿ ಬಂದು
ಹಾಸಿಗೆ ಕಾಯಿಸುತ್ತಿತ್ತಂತೆ. "ನಾತವೂ ಬರುತ್ತಿತ್ತು.
ಬಿಟ್ಟಿ ಬಿಸಿಗೆ ಮೂಗು ಮುಚ್ಚುವುದೇ ಬಾಡಿಗೆ."
ಹುಡುಕಿ ನೋಡಿದೆ: ಮನುಷ್ಯನೊಬ್ಬ ನೂರು ವ್ಯಾಟ್.
ಹಸು, ಸಾವಿರದ ಆಸುಪಾಸು.
ಪಟ್ಟಿಯಲ್ಲಿ ಹಸುವಿಗೆ ಸಾಲಿಲ್ಲ.

ಮಾರ್ಚಿಗೆ ಇಬ್ಬರು ಬರುತ್ತಾರಂತೆ,
ಮರಗೆಲಸ ಮಾಡುವ ಒಬ್ಬಳು, ಅವಳ ಮಗು.
"ಬಂದರೆ ಬಂದರು" ಎಂದ ದೆಲ್ಮಿರೊ.
ಸೊನ್ನೆ ಅಳಿಸಿ ಎರಡು ಬರೆದೆ.
ದರ್ಜೆ ಒಂದು ಮೆಟ್ಟಿಲು ಇಳಿಯಿತು.
ಇಳಿಯಲಿ.

ಸಂಜೆ ಎರಡನೇ ಸುತ್ತು ಅಳೆಯುವಾಗ
ಮರೇಲಾ, ಅವನ ಕೊನೆಯ ಹಸು, ಯಾರನ್ನೂ ಕೇಳದೆ
ಕಿರಣಕ್ಕೆ ಅಡ್ಡ ಬಂತು.
ಈಗ ಮಾದರಿಯೊಳಗೆ, ಕೊಟ್ಟಿಗೆಯ ಬಾಯಲ್ಲಿ
ಚದುರಿದ ಚುಕ್ಕಿಗಳ ಒಂದು ಮಸುಕು: ಬಾಲವಿಲ್ಲ,
ಕೊಂಬು ಒಂದೂವರೆ.
ನಮ್ಮ ಕಸುಬಿನಲ್ಲಿ ಇದಕ್ಕೆ ಗದ್ದಲ ಎನ್ನುತ್ತಾರೆ.
ಅಳಿಸಬೇಕು.
ನಾಳೆ ನೋಡೋಣ.